ಎಸ್‌ಎಂಕ್ಯೂ1ರಲ್ಲಿ (ಎಸ್‌ಎಪಿಯಿಂದ ಹೊರಹೋಗುವ ಕ್ಯೂಗಳನ್ನು ತೋರಿಸುವ ಪರದೆ) ಕ್ಯೂ ನಿಂತಿದೆ: ಮೊದಲ ನಮೂದನ್ನು ಅಳಿಸಿದರೂ ಮುಂದೆ ಸಾಗುತ್ತಿಲ್ಲ

ಪ್ರಶ್ನೆ
ನಮಸ್ಕಾರ. ನಮ್ಮ ಎಸ್‌ಎಪಿ ಇಆರ್‌ಪಿಯಿಂದ (ಕಂಪನಿಯ ವ್ಯವಹಾರ ನೋಡಿಕೊಳ್ಳುವ ತಂತ್ರಾಂಶ) ಗೋದಾಮಿನ ಸಿಸ್ಟಮ್‌ಗೆ ಡೆಲಿವರಿ ದಾಖಲೆಗಳು ಕ್ಯೂಆರ್‌ಎಫ್‌ಸಿ (ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಕರೆಗಳನ್ನು ಸಾಲಿನ ಕ್ರಮದಲ್ಲೇ ಕಳುಹಿಸುವ ವಿಧಾನ) ಮೂಲಕ ಹೋಗುತ್ತವೆ. ಇಂಟರ್‌ಫೇಸ್ ನಮ್ಮ ತಂಡವೇ ಬರೆದದ್ದು. ಎಲ್ಲ ಡೆಲಿವರಿಗಳಿಗೂ ಕ್ಯೂ ಹೆಸರು ಒಂದೇ. ನಿನ್ನೆ ಬೆಳಿಗ್ಗೆ ಸಿಸ್‌ಫೇಲ್ ಎಂಬ ದೋಷಸ್ಥಿತಿ ತೋರಿಸಿ ಕ್ಯೂ ನಿಂತುಬಿಟ್ಟಿತು. ಹಿಂದೆ 412 ನಮೂದುಗಳು ಕಾಯುತ್ತಿದ್ದವು. ಗೋದಾಮಿನಿಂದ ಮೇಲಿಂದ ಮೇಲೆ ಕರೆ ಬರತೊಡಗಿದಾಗ ಮೊದಲ ನಮೂದನ್ನು ಅಳಿಸಿದೆ. ಒಂಬತ್ತು ಸರಸರನೆ ಹೋದವು, ಹತ್ತನೆಯದಕ್ಕೆ ಮತ್ತೆ ಸಿಸ್‌ಫೇಲ್. ಇದನ್ನೂ ಅಳಿಸಲೇ?

ಉತ್ತರ
ದಯವಿಟ್ಟು ಅಳಿಸಬೇಡಿ. ಅಳಿಸಿದ ಎಲ್‌ಯುಡಬ್ಲ್ಯು (ಒಟ್ಟಿಗೇ ಜಾರಿಯಾಗುವ ಕರೆಗಳ ಗುಂಪು, ಇಲ್ಲಿ ಕ್ಯೂದ ಒಂದು ನಮೂದು) ಮರಳಿ ಬರುವುದಿಲ್ಲ, ಅದರೊಳಗಿದ್ದ ದಾಖಲೆ ಆಚೆ ಬದಿಗೆ ತಲುಪುವುದೇ ಇಲ್ಲ.

ಸಿಪಿಐಸಿಇಆರ್‌ಆರ್ ಎಂಬ ಸ್ಥಿತಿ ಬಂದಿದ್ದರೆ ಸಂಪರ್ಕದ ತೊಂದರೆ ಎನ್ನಬಹುದಿತ್ತು. ಆಗ, ಸಂಪರ್ಕಗಳನ್ನು ಹೊಂದಿಸುವ ಎಸ್‌ಎಂ59ರಲ್ಲಿ ಕೊಟ್ಟ ಅವಧಿಗೆ ತಕ್ಕಂತೆ ಸಿಸ್ಟಮ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಸಿಸ್‌ಫೇಲ್ ಹಾಗಲ್ಲ. ಕರೆ ಆಚೆಗೆ ತಲುಪಿ, ಅಲ್ಲಿ ಪ್ರೋಗ್ರಾಮ್ ಮುರಿದುಬಿದ್ದಿದೆ. ಕಾರಣ ಸರಿಪಡಿಸಿ ನೀವೇ ಚಾಲನೆ ಕೊಡುವವರೆಗೆ ಅದು ಕದಲುವುದಿಲ್ಲ. ಸ್ಥಿತಿಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ದೋಷದ ಸಾಲು ಕಾಣುತ್ತದೆ. ಗೋದಾಮಿನ ಸಿಸ್ಟಮ್‌ನಲ್ಲಿ ಎಸ್‌ಟಿ22 ತೆರೆದು ನಿನ್ನೆಯ ಡಂಪ್‌ಗಳನ್ನೂ (ಪ್ರೋಗ್ರಾಮ್ ಮುರಿದುಬಿದ್ದಾಗ ದಾಖಲಾಗುವ ದೋಷ ವರದಿಗಳು) ನೋಡಿ.

ಪ್ರಶ್ನೆ ಕೇಳಿದವರು
ನೋಡಿದೆ. ಈಗ ನಿಂತಿರುವ ನಮೂದು ಒಂದು ಡೆಲಿವರಿಯ ಬದಲಾವಣೆ: ಪ್ರಮಾಣ 40ರಿಂದ 36 ಬಾಕ್ಸ್‌ಗೆ ಇಳಿದಿದೆ. ದೋಷದ ಸಾಲು ‘ಡೆಲಿವರಿ ಅಸ್ತಿತ್ವದಲ್ಲಿಲ್ಲ’ ಎನ್ನುತ್ತದೆ. ಎಸ್‌ಟಿ22ರಲ್ಲಿ ನಿನ್ನೆ ಬೆಳಗಿನ ಡಂಪ್ ಇದೆ. ಆ ವಸ್ತುವಿಗೆ ಬಾಕ್ಸ್‌ನಿಂದ ಬಿಡಿ ಎಣಿಕೆಗೆ ಪರಿವರ್ತನೆಯೇ ಇಲ್ಲವಂತೆ.

ಉತ್ತರ
ಹಾಗಾದರೆ ನಿನ್ನೆ ಅಳಿಸಿದ್ದು ಅದೇ ಡೆಲಿವರಿಯನ್ನು ಸೃಷ್ಟಿಸುವ ನಮೂದು. ಹುಟ್ಟದ ದಾಖಲೆಯನ್ನು ತಿದ್ದು ಎಂದು ಈಗಿನ ನಮೂದು ಕೇಳುತ್ತಿದೆ. ಇದನ್ನೂ ಅಳಿಸಿದ್ದರೆ ಕ್ಯೂ ಹರಿಯುತ್ತಿತ್ತು, ಆದರೆ ಆ 36 ಬಾಕ್ಸ್‌ಗಳ ಸುದ್ದಿಯೇ ಗೋದಾಮಿಗೆ ತಿಳಿಯುತ್ತಿರಲಿಲ್ಲ.

ಮೊದಲು ಗೋದಾಮಿನ ಸಿಸ್ಟಮ್‌ನಲ್ಲಿ ಆ ವಸ್ತುವಿನ ಪರಿವರ್ತನೆಯನ್ನು ತುಂಬಿಸಿ. ಆಮೇಲೆ ಡೆಲಿವರಿಯನ್ನು ಇಆರ್‌ಪಿಯಿಂದ ಮತ್ತೆ ಕಳುಹಿಸಬೇಕು. ಎಚ್ಚರ ಬೇಕಾದದ್ದು ಇಲ್ಲಿಯೇ: ಅದೇ ಕ್ಯೂ ಹೆಸರಿನಲ್ಲಿ ಕಳುಹಿಸಿದರೆ ಅದು ಬಾಲಕ್ಕೆ ಹೋಗಿ ನಿಲ್ಲುತ್ತದೆ, ತಲೆಯಲ್ಲಿರುವ ಬದಲಾವಣೆ ಮತ್ತೆ ಬೀಳುತ್ತದೆ. ಬೇರೆ ತಾತ್ಕಾಲಿಕ ಕ್ಯೂ ಹೆಸರಿನಲ್ಲಿ ಕಳುಹಿಸಿ. ಡೆಲಿವರಿ ಅಲ್ಲಿ ಮೂಡಿದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಹಳೆಯ ಕ್ಯೂಗೆ ಚಾಲನೆ ಕೊಡಿ.

ಪ್ರಶ್ನೆ ಕೇಳಿದವರು
ತಾತ್ಕಾಲಿಕ ಕ್ಯೂ ಮೂಲಕ ಡೆಲಿವರಿ ಹೋಯಿತು. ಈಗ ಇಆರ್‌ಪಿಯಲ್ಲಿ ಇರುವುದೇ 36 ಆದ್ದರಿಂದ ಮತ್ತೆ ಕಳುಹಿಸಿದಾಗ 36 ಎಂದೇ ಮೂಡಿತು. ಬದಲಾವಣೆಯ ನಮೂದೂ ತಕರಾರಿಲ್ಲದೆ ದಾಟಿತು. ಉಳಿದ 402 ನಮೂದುಗಳು 11 ನಿಮಿಷದಲ್ಲಿ ಹೋದವು. ತುಂಬಾ ಧನ್ಯವಾದಗಳು, ಎದೆಯ ಭಾರ ಇಳಿಯಿತು. ಒಂದು ವಸ್ತುವಿನ ತಪ್ಪಿಗೆ ಎಲ್ಲವೂ ನಿಲ್ಲದಂತೆ ಮಾಡುವುದು ಹೇಗೆ?

ಉತ್ತರ
ಒಂದೇ ಕ್ಯೂ ಹೆಸರನ್ನು ಬಿಡಿ. ಸೃಷ್ಟಿ ಮೊದಲು, ಬದಲಾವಣೆ ನಂತರ ಎಂಬ ಕ್ರಮ ಬೇಕಿರುವುದು ಒಂದು ಡೆಲಿವರಿಯೊಳಗೆ. ಪರಸ್ಪರ ಸಂಬಂಧವಿಲ್ಲದ ಡೆಲಿವರಿಗಳು ಒಂದರ ಹಿಂದೆ ಒಂದು ನಿಲ್ಲಬೇಕಾಗಿಲ್ಲ. ಕ್ಯೂ ಹೆಸರಿಗೆ 24 ಅಕ್ಷರಗಳ ಜಾಗವಿದೆ, ಡೆಲಿವರಿ ಸಂಖ್ಯೆಗೆ 10 ಸಾಕು. ಮುಂದೆ ನಿಮ್ಮ ಇಂಟರ್‌ಫೇಸ್ ಗುರುತು, ಕೊನೆಗೆ ಆ ಸಂಖ್ಯೆ ಇರಲಿ. ಆಗ ಪರಿವರ್ತನೆ ಇಲ್ಲದ ವಸ್ತುವಿನ ಡೆಲಿವರಿ ಮಾತ್ರ ನಿಲ್ಲುತ್ತದೆ. ಯಾವುದು ನಿಂತಿದೆ ಎಂಬುದೂ ಎಸ್‌ಎಂಕ್ಯೂ1ರ ಪಟ್ಟಿಯಲ್ಲಿ ಹೆಸರಿನಿಂದಲೇ ತಿಳಿಯುತ್ತದೆ.