ಮಾರುತಿ 800 ಎಂಜಿನ್ ಹೆಲಿಕಾಪ್ಟರ್‌ಗೆ ಆಗುತ್ತಾ?

ದಾವಣಗೆರೆ ಡಿಪ್ಲೊಮಾ:
ಎಲ್ರಿಗೂ ನಮಸ್ಕಾರ. ಮೆಕ್ಯಾನಿಕಲ್ ಮುಗ್ಸಿ ಇಲ್ಲೇ ಒಂದು ವರ್ಕ್‌ಶಾಪಲ್ಲಿ ಅದೀನಿ. ಒಬ್ರೇ ಕೂರೋ ಹೆಲಿಕಾಪ್ಟರ್ ಕಟ್ಬೇಕು ಅನ್ನೋದು ಮೂರು ವರ್ಷದಿಂದ ತಲೇಲಿ ಕೂತುಬಿಟ್ಟೈತೆ, ಫ್ರೇಮಿನ ಪೈಪ್ ಕೆಲಸ ಶುರು ಆಗೈತೆ, ಈಗ ಗುಜರೀಲಿ ಮಾರುತಿ 800 ಎಂಜಿನ್ ಸಿಕ್ಕೈತೆ, 796 ಸಿಸಿ, 37 ಎಚ್‌ಪಿ. ಸಾಲುತ್ತಾ, ಇಲ್ಲ ಸಣ್ಣ ವಿಮಾನಗಳಿಗೆ ಹಾಕೋ ರೋಟ್ಯಾಕ್ಸ್ ಎಂಜಿನ್ನೇ ಬೇಕಾ?

ಹರಿಹರ ಲೇತ್:
ಸಾಲಲ್ಲ ತಮ್ಮಾ. ಒಬ್ರೇ ಕೂರೋ ಮಸ್ಕಿಟೋ ಹೆಲಿಕಾಪ್ಟರ್‌ಗೇ 60 ಎಚ್‌ಪಿ ಮೇಲಿನ ಟೂ-ಸ್ಟ್ರೋಕ್ ಹಾಕ್ತಾರೆ. ಆಮೇಲೆ ಕಾರಿನ 37 ಅನ್ನೋದು ಗರಿಷ್ಠದ ಲೆಕ್ಕ, ರೋಡಲ್ಲಿ ಅಷ್ಟನ್ನ ಗಂಟೆಗಟ್ಲೆ ಯಾರು ಎಳೀತಾರೆ ಹೇಳು. ಹೆಲಿಕಾಪ್ಟರ್ ಗಾಳೀಲಿ ನಿಂತಲ್ಲೇ ನಿಂತಾಗ ಪವರ್ ಕೇಳ್ತಾನೇ ಇರುತ್ತೆ, ಮುಂದಿಂದ ಗಾಳೀನೂ ಬಡಿಯಲ್ಲ, ಕೂಲಿಂಗಿಗೆ ಫ್ಯಾನೇ ಗತಿ. ಇಬ್ರು ಕೂರೋ ರಾಬಿನ್ಸನ್ ಆರ್22 ಹೆಲಿಕಾಪ್ಟರ್ ನೋಡು, ಲೈಕಮಿಂಗ್ ಓ-360 ಎಂಜಿನ್ ಇಟ್ಕೊಂಡೂ ಟೇಕಾಫ್‌ಗೆ 131, ಸತತವಾಗಿ 124 ಎಚ್‌ಪಿ ಅಷ್ಟೇ ತೆಗೀತಾರೆ, ಅದೇ ಎಂಜಿನ್ ವಿಮಾನದಲ್ಲಿ 180 ಕೊಡುತ್ತೆ. ಆ ಉಳಿಸಿಟ್ಟಿದ್ದೇ ಎಂಜಿನ್ನಿನ ಆಯಸ್ಸು.

ಟೂ-ಸ್ಟ್ರೋಕ್ ಹಾಕಿದ್ರೆ ಇನ್ನೊಂದು ಹುಷಾರು. ನನ್ನ ಹತ್ರ ಒಬ್ರು ಟ್ರೈಕಿನ (ಬಟ್ಟೆ ರೆಕ್ಕೆಯ ಸಣ್ಣ ವಿಮಾನ) ರೋಟ್ಯಾಕ್ಸ್ 582 ಪಿಸ್ಟನ್ ತಂದಿದ್ರು, ಕೂಲಿಂಗ್ ನೀರು ಬಿಸಿಯಾಗೋಕೆ ಮುಂಚೆನೇ ಫುಲ್ ಥ್ರಾಟಲ್ ಕೊಟ್ಟಿದ್ರಂತೆ, ಎಕ್ಸಾಸ್ಟ್ ಕಡೆ ಉದ್ದಕ್ಕೂ ಗೀರು, ಉಗುರು ಹಾಕಿದ್ರೆ ಸಿಗಾಕ್ಕೊಳ್ತಿತ್ತು. ರಿಂಗ್ ತೋಡಿನ ಮೇಲೆ ಅಲ್ಯೂಮಿನಿಯಂ ಬಳಿದುಬಿಟ್ಟಿತ್ತು. ಪಿಸ್ಟನ್ ಬೇಗ ಹಿಗ್ಗುತ್ತೆ, ಸಿಲಿಂಡರ್ ನಿಧಾನ, ಅಷ್ಟೇ ಕಥೆ.

ಕೋಟೆ ಊರಿನವ:
ಲೇತ್ ಅಣ್ಣ ಹೇಳಿದ್ದು ಸರಿ, ಜೊತೆಗೆ ನಮ್ಮೂರ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ರಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಇನ್ನೂ ಮೇಲೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರೀಲಿ ಗಾಳಿ ತೆಳ್ಳಗಾಗಿರುತ್ತೆ, 64 ಎಚ್‌ಪಿ ಎಂಜಿನ್ನು 57ರ ಆಸುಪಾಸಿಗೆ ಇಳಿಯುತ್ತೆ, ಅದೇ ಗಾಳೀಲಿ ರೋಟರ್, ಅಂದ್ರೆ ಮೇಲೆ ತಿರುಗೋ ರೆಕ್ಕೆ, ಭಾರ ಎತ್ತೋದಕ್ಕೂ ಜಾಸ್ತಿ ಪವರ್ ಬೇಕು.

ಎಲ್ಲಕ್ಕಿಂತ ಮೊದ್ಲು ಫ್ರೀವೀಲ್ ಕ್ಲಚ್ ಬಗ್ಗೆ ಯೋಚ್ನೆ ಮಾಡಪ್ಪ. ಗಾಳೀಲಿ ಇದ್ದಾಗ ಎಂಜಿನ್ ಆಫ್ ಆದ್ರೆ ರೋಟರ್ ತಾನಾಗಿ ತಿರುಗ್ತಿರ್ಬೇಕು, ಸೈಕಲ್ ಪೆಡಲ್ ಬಿಟ್ರೂ ಚಕ್ರ ಓಡುತ್ತಲ್ಲ ಹಂಗೆ. ಅದಿಲ್ಲಾಂದ್ರೆ ನಿಂತ ಎಂಜಿನ್ನೇ ರೋಟರನ್ನ ಹಿಡಿದು ನಿಲ್ಸುತ್ತೆ, ಆಮೇಲೆ ಇಳಿಯೋಕೆ ದಾರಿನೇ ಇಲ್ಲ. ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ಅನುಮತಿ ಇಲ್ದೆ ನೆಲ ಬಿಡೋ ಹಂಗಿಲ್ಲ, ಅದೂ ಗೊತ್ತಿರ್ಲಿ.

ದಾವಣಗೆರೆ ಡಿಪ್ಲೊಮಾ:
ಇಬ್ರಿಗೂ ಥ್ಯಾಂಕ್ಸ್. ಕ್ಲಚ್ ಇಷ್ಟು ಮುಖ್ಯ ಅಂತ ಗೊತ್ತಿರ್ಲಿಲ್ಲ, ನನ್ನ ಡ್ರಾಯಿಂಗಲ್ಲಿ ಎಂಜಿನ್ ಮತ್ತೆ ರೋಟರ್ ನೇರ ಬೆಲ್ಟಲ್ಲೇ ಕೂಡಿದಾವೆ. ಅದನ್ನ ಮೊದ್ಲು ಬದಲಾಯಿಸ್ತೀನಿ. ಮಾರುತಿ ಎಂಜಿನ್ನ ಸ್ಟ್ಯಾಂಡ್ ಮೇಲೆ ಬಿಗಿದು ಫುಲ್ ಲೋಡಲ್ಲಿ ಒಂದು ಗಂಟೆ ಓಡ್ಸಿ ನೋಡ್ತೀನಿ, ಕಲಿಯೋಕಾದ್ರೂ ಆಗುತ್ತೆ. ಲೇತ್ ಅಣ್ಣ, ಭಾನುವಾರ ಹರಿಹರಕ್ಕೆ ಬಂದ್ರೆ ಆ ಪಿಸ್ಟನ್ ತೋರಿಸ್ತೀರಾ?

ಹರಿಹರ ಲೇತ್:
ಬಾ, ಎತ್ತಿಟ್ಟಿದೀನಿ. ಡ್ರಾಯಿಂಗೂ ತಗೊಂಬಾ.