ಒಸಾಕಾ ಬಿಸಿನೆಸ್ ಹೋಟೆಲ್: ಸೆಮಿ ಡಬಲ್ ಸಾಕಾ, ಟ್ವಿನ್ ಬೇಕಾ?

ಶರಾವತಿ: ನವೆಂಬರ್‌ನಲ್ಲಿ ಶಿನ್-ಒಸಾಕಾ ಸ್ಟೇಷನ್ ಹತ್ತಿರ ನಾಲ್ಕು ರಾತ್ರಿ, ಇಬ್ಬರು. ಒಂದೇ ಬಿಸಿನೆಸ್ ಹೋಟೆಲ್‌ನಲ್ಲಿ ಎರಡು ಥರದ ರೂಮ್ ಖಾಲಿ ಇದೆ. ಸೆಮಿ ಡಬಲ್ (ಇಬ್ಬರಿಗೂ ಒಂದೇ ಸಣ್ಣ ಮಂಚ) 13 ಚದರ ಮೀಟರ್, ರಾತ್ರಿಗೆ 9,800 ಯೆನ್. ಟ್ವಿನ್ (ಬೇರೆ ಬೇರೆ ಎರಡು ಮಂಚ) 18 ಚದರ ಮೀಟರ್, 14,500. ಎರಡೂ ಇಬ್ಬರಿಗೆ ಸೇರಿ, ತಿಂಡಿ ಸಮೇತ. 28 ಇಂಚಿನ ಸೂಟ್‌ಕೇಸ್ ಎರಡಿವೆ. ಇಬ್ಬರೂ ಸಸ್ಯಾಹಾರಿಗಳು, ಊರಿಂದ ಕೆಟಲ್ ಹೊತ್ಕೊಂಡು ಹೋಗ್ಬೇಕಾ?

ನಂಬರ್‌ಗೌಡ: ಟ್ವಿನ್ ತಗೊಳ್ಳಿ, ಇದರಲ್ಲಿ ಯೋಚನೆ ಮಾಡೋದೇನಿಲ್ಲ. ಸೆಮಿ ಡಬಲ್ ಅಂದ್ರೆ 120 ಸೆಂಟಿಮೀಟರ್ ಅಗಲ, ತಲೆಗೆ 60. ಮಂಚದ ಒಂದು ಮಗ್ಗುಲು ಗೋಡೆಗೆ ಅಂಟಿರುತ್ತೆ. ಒಳಗಡೆ ಮಲಗಿದವರು ರಾತ್ರಿ ಎದ್ರೆ ಹೊರಗಿನವರನ್ನ ದಾಟ್ಕೊಂಡೇ ಹೋಗ್ಬೇಕು. ಆ 13 ಚದರ ಮೀಟರ್ ಒಳಗೇ ಬಾತ್‌ರೂಮ್ ಕೂಡ ಸೇರಿದೆ. ಒಂದು ಸೂಟ್‌ಕೇಸ್ ಬಿಚ್ಚಿಟ್ರೆ ಬಾಗಿಲಿಗೆ ದಾರಿ ಬಂದ್.

ಧಾರವಾಡ್ ಪೇಡೆ: ದಾರಿ ಬಂದ್ ಆಗೂದಿಲ್ರೀ ಗೌಡ್ರ. ಭಾಳ ಹೋಟೆಲ್‌ನ್ಯಾಗ ಮಂಚದ ಕೆಳಗ ಸೂಟ್‌ಕೇಸ್ ಸರಿಸಾಕಂತನ ಜಾಗ ಬಿಟ್ಟಿರ್ತಾರ. ನಾಲ್ಕು ರಾತ್ರಿಗೆ 18,800 ಯೆನ್ ಫರಕ್ ಆತು. ಮ್ಯಾಲ ತೆರಿಗಿ ಬ್ಯಾರೆ. ಒಸಾಕಾದಾಗ 2025ರ ಸೆಪ್ಟೆಂಬರ್‌ನಿಂದ ತಲಿಗೆ ರಾತ್ರಿಗೆ 5,000 ಯೆನ್ ಮುಟ್ಟಿದ್ರ 200 ಯೆನ್ ವಸತಿ ತೆರಿಗಿ. ಸೆಮಿ ಡಬಲ್ ತಲಿಗೆ 4,900, ಅಂದ್ರ ಸೊನ್ನಿ. ಟ್ವಿನ್‌ಗೆ 1,600 ಯೆನ್ ಹೆಚ್ಚಿಗಿ. ಇಷ್ಟು ರೊಕ್ಕ ಬರೇ ಮಲಗಾಕ?

ನಂಬರ್‌ಗೌಡ: ಆ 5,000 ಲೆಕ್ಕ ಹಾಕೋದು ತಿಂಡಿ ಮತ್ತು ಬಳಕೆ ತೆರಿಗೆ ಬಿಟ್ಟು, ಬರೀ ರೂಮಿನ ಬಾಡಿಗೆ ಮೇಲೆ. ಅರ್ಧ ಓದ್ಕೊಂಡು ಬರಬೇಡಿ.

ಧಾರವಾಡ್ ಪೇಡೆ: ಬಿಟ್ಟು ಹಾಕಿದ್ರೂ ಸೆಮಿ ಡಬಲ್ ಸೊನ್ನಿನ ಅಲ್ರೀ? ಮತ್ತ ಏನು ತಪ್ಪಾತು?

ಇಣುಕಿನೋಡಿ: ಸಿಂಗಲ್ ಬುಕ್ ಮಾಡಿ ಇಬ್ಬರೂ ಒಳಗೆ ಹೋಗ್ಬಿಡಿ. ಯಾರು ನೋಡ್ತಾರೆ?

ನಂಬರ್‌ಗೌಡ: ಕೌಂಟರ್‌ನಲ್ಲೇ ನೋಡ್ತಾರೆ. ಜಪಾನಲ್ಲಿ ವಿಳಾಸ ಇಲ್ಲದ ಪ್ರತಿ ವಿದೇಶಿಯ ಪಾಸ್‌ಪೋರ್ಟ್ ನಕಲು ತಗೊಳ್ತಾರೆ, ತಂಗೋ ಪ್ರತಿಯೊಬ್ಬರ ಹೆಸರೂ ರಿಜಿಸ್ಟರ್‌ನಲ್ಲಿ ಇರಬೇಕು. ಅಲ್ಲಿ ಸಾಮಾನ್ಯವಾಗಿ ದರ ಕಟ್ಟೋದೇ ತಲೆ ಲೆಕ್ಕದಲ್ಲಿ. ಇಂಥ ಸಲಹೆ ಕೊಡೋ ಬದಲು ಸುಮ್ನಿರಿ.

ವೈರ್‌ಮನ್: ಕೆಟಲ್ ಪ್ರಶ್ನೆಗೆ ಉತ್ತರ: ತರಬೇಡಿ. ಅಲ್ಲಿ 100 ವೋಲ್ಟ್, ನಮ್ಮ ಕೆಟಲ್ 230ರದ್ದು, ನೀರು ಕುದಿಯಲ್ಲ. ಸಾಕೆಟ್ ಚಪ್ಪಟೆ ಎರಡು ಪಿನ್‌ದು, ನಮ್ಮ ಮೂರು ಪಿನ್ ಹೋಗಲ್ಲ. ರೂಮ್‌ನಲ್ಲೇ ಕೆಟಲ್ ಇಟ್ಟಿರ್ತಾರೆ.

ಓಮ್‌ಶಿಷ್ಯ: "ಕುದಿಯಲ್ಲ" ಅನ್ನೋದು ಶುದ್ಧ ತಪ್ಪು. ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ. 1,500 ವಾಟ್ ಕೆಟಲ್ 100 ವೋಲ್ಟ್‌ನಲ್ಲಿ ಸುಮಾರು 283 ವಾಟ್ ಕೊಡುತ್ತೆ. 20 ಡಿಗ್ರಿಯ ಒಂದು ಲೀಟರ್ ನೀರಿಗೆ ಹೆಚ್ಚುಕಡಿಮೆ 335 ಕಿಲೋಜೂಲ್ ಬೇಕು. ಭಾಗಿಸಿ, 20 ನಿಮಿಷ. ನಿಧಾನ, ಆದ್ರೆ ಕುದಿಯುತ್ತೆ.

ವೈರ್‌ಮನ್: ಆ 20 ನಿಮಿಷವೂ ಕೆಟಲ್ ಮೈಯಿಂದ ಶಾಖ ಸೋರ್ತಾ ಇರುತ್ತಲ್ಲ, ಅದನ್ನ ಯಾವ ಕಾಲಮ್‌ನಲ್ಲಿ ಬರೆದ್ರಿ? ಕುದಿ ಹತ್ತಿರ ಬಂದಷ್ಟೂ ಸೋರಿಕೆ ಜಾಸ್ತಿ. ಹಬೆಯೂ ಜೋರಾಗಿ ಏಳಲ್ಲ, ಸ್ವಿಚ್ ಆರಿಸೋ ಬೈಮೆಟಲ್ ಪಟ್ಟಿ ಸರಿಯಾಗಿ ಬಿಸಿಯಾಗಲ್ಲ, ಕೆಟಲ್ ಆಫ್ ಆಗೋದೂ ತಡ. ಪುಸ್ತಕದ ಲೆಕ್ಕ ಬೇರೆ, ಪ್ಲಗ್ ಬೇರೆ.

ಓಮ್‌ಶಿಷ್ಯ: "ತಡ" ಅಂದ್ರಿ, ಅಂದ್ರೆ ಕುದಿಯುತ್ತೆ. ಧನ್ಯವಾದ.

ಇಣುಕಿನೋಡಿ: ವೋಲ್ಟೇಜ್ ಏರಿಸೋ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಮುಗೀತಲ್ಲ? ಫ್ರೀಕ್ವೆನ್ಸಿ ಮಾತ್ರ ನೋಡ್ಕೊಳ್ಳಿ. ಟೋಕಿಯೊ 50 ಹರ್ಟ್ಸ್, ಒಸಾಕಾ 60. ನಮ್ಮದು 50ರ ಕೆಟಲ್, ಒಸಾಕಾದಲ್ಲಿ ಸುಟ್ಟುಹೋಗುತ್ತೆ.

ವೈರ್‌ಮನ್: ಕಾಯಿಲ್‌ಗೆ ಹರ್ಟ್ಸ್ ಲೆಕ್ಕಕ್ಕೇ ಇಲ್ಲ ಸ್ವಾಮಿ, ಅದು ಮೋಟಾರ್, ಹಳೇ ಗಡಿಯಾರದ ಸಮಸ್ಯೆ. ಟ್ರಾನ್ಸ್‌ಫಾರ್ಮರ್ ಕಥೆ ಕೇಳಿ: 1,500 ವಾಟ್ ತೆಗೀಬೇಕಂದ್ರೆ 100 ವೋಲ್ಟ್ ಕಡೆಯಿಂದ 15 ಆಂಪಿಯರ್, ಅದರ ಮೇಲೆ ಟ್ರಾನ್ಸ್‌ಫಾರ್ಮರ್ ತಿನ್ನೋದು ಬೇರೆ. ಸಾಕೆಟ್ ಮಿತಿಯೇ 15. ಅದೇ ಲೈನ್‌ನಲ್ಲಿ ಯಾರಾದ್ರೂ ಹೇರ್ ಡ್ರೈಯರ್ ಹಾಕಿದ್ರೆ ರೂಮ್ ಕತ್ತಲೆ. ಆ ಕಬ್ಬಿಣದ ಗಡ್ಡೆನ ವಿಮಾನದಲ್ಲಿ ತರೋ ಬದಲು ಒಂದು ಮೂಟೆ ಅಕ್ಕಿ ತರಬಹುದು.

ಓಮ್‌ಶಿಷ್ಯ: ಟ್ರಾನ್ಸ್‌ಫಾರ್ಮರ್ ಬೇಕು ಅಂತ ನಾನು ಹೇಳೇ ಇಲ್ಲ. ಬರೀ ಪಿನ್ ಅಡಾಪ್ಟರ್ ಹಾಕಿದ್ರೆ ಕೆಟಲ್ ನಿಧಾನಕ್ಕೆ ಕುದಿಸುತ್ತೆ, ಅದಕ್ಕೆ ಹಾನಿನೂ ಇಲ್ಲ ಅಂದೆ. ಹಾನಿ ಉಲ್ಟಾ ದಿಕ್ಕಲ್ಲಿ: ಅಲ್ಲಿ ಕೊಂಡ 100 ವೋಲ್ಟ್ ಕೆಟಲ್‌ನ ಇಲ್ಲಿ 230ಕ್ಕೆ ಹಾಕಿದ್ರೆ ಐದು ಪಟ್ಟು ಪವರ್, ಫಟ್.

ಶರಾವತಿ: ಚಾರ್ಜರ್‌ಗಳು?

ವೈರ್‌ಮನ್: ಮೇಲೆ 100–240 ಅಂತ ಬರೆದಿದ್ರೆ ಚಿಂತೆ ಇಲ್ಲ, ಎರಡು ಪಿನ್ ಅಡಾಪ್ಟರ್ ಸಾಕು. ಇಂಡಕ್ಷನ್ ಒಲೆ ಮಾತ್ರ ಆನ್ ಕೂಡ ಆಗಲ್ಲ. ಮತ್ತೆ ಓಮ್‌ಶಿಷ್ಯರೇ, "ಹಾನಿ ಇಲ್ಲ" ಅನ್ನೋಕೆ ಮುಂಚೆ ಅರ್ಥಿಂಗ್ ಪಿನ್ ಎಲ್ಲಿ ಹೋಯ್ತು ಹೇಳಿ. ಎರಡು ಪಿನ್ ಸಾಕೆಟ್‌ನಲ್ಲಿ ಸ್ಟೀಲ್ ಕೆಟಲ್‌ಗೆ ಅರ್ಥ್ ಇಲ್ಲ.

ಓಮ್‌ಶಿಷ್ಯ: ಕುದಿಯಲ್ಲ ಅನ್ನೋದರಿಂದ ಅರ್ಥಿಂಗ್‌ಗೆ ಜಾರಿದ್ರಿ. ಸಂತೋಷ.

ಇಣುಕಿನೋಡಿ: ಹಾಗಾದ್ರೆ ಹೋಟೆಲ್ ಕೆಟಲ್‌ನಲ್ಲೇ ನೂಡಲ್ಸ್ ಬೇಯಿಸಿ, ಎಲ್ಲರೂ ಮಾಡ್ತಾರೆ.

ವೈರ್‌ಮನ್: ಮಾಡಬೇಡಿ! ಹಬೆ ಸಣ್ಣ ದಾರಿಯಲ್ಲಿ ಹೋಗಿ ಪಟ್ಟಿ ಬಿಸಿ ಮಾಡಿದ್ರೆ ತಾನೇ ಸ್ವಿಚ್ ಆರೋದು? ಮುಚ್ಚಳ ತೆಗೆದಿಟ್ಟು ಬೇಯಿಸಿದ್ರೆ ಹಬೆ ಮೇಲಕ್ಕೆ ಹೋಗುತ್ತೆ, ಕೆಟಲ್ ನಿಲ್ಲಲ್ಲ, ಗಂಜಿ ಉಕ್ಕಿ ತಳದ ಕನೆಕ್ಟರ್ ಮೇಲೆ ಬೀಳುತ್ತೆ. ಒಳಗೆ ತಳಕ್ಕೆ ಅಂಟಿದ್ದು ಕರಕಲಾಗುತ್ತೆ. ಮಾರನೇ ದಿನ ಬಂದವರು ಆ ಮಸಾಲೆ ವಾಸನೆಯ ನೀರಲ್ಲೇ ಟೀ ಕುಡೀಬೇಕು. ಭಾರತೀಯರಿಗೆ ಕೆಟ್ಟ ಹೆಸರು ಬರೋದು ಇಂಥದ್ರಿಂದಲೇ.

ಇಣುಕಿನೋಡಿ: ಒಂದು ನೂಡಲ್ಸ್‌ಗೆ ದೇಶದ ಮಾನನೇ ಹೋಯ್ತಾ? ಅತಿ ಮಾಡ್ತೀರಿ.

ನಂಬರ್‌ಗೌಡ: ಕೆಟಲ್ ಬಿಡ್ರಪ್ಪ. ನವೆಂಬರ್ ಅಂದ್ರಲ್ಲ ಮೇಡಂ, ಏಸಿ ಬಗ್ಗೆ ಕೇಳ್ಕೊಳ್ಳಿ. ಹಳೇ ಕಟ್ಟಡಗಳಲ್ಲಿ ಇಡೀ ಹೋಟೆಲಿಗೆ ಒಂದೇ ಪೈಪ್ ವ್ಯವಸ್ಥೆ, ಒಮ್ಮೆ ಹೀಟಿಂಗ್‌ಗೆ ತಿರುಗಿಸಿದ್ರೆ ನಿಮ್ಮ ರೂಮ್‌ನಲ್ಲಿ ರಿಮೋಟ್ ಎಷ್ಟು ಒತ್ತಿದ್ರೂ ತಣ್ಣಗಾಗಲ್ಲ. ಕಿಟಕಿ ಕೆಲವೇ ಸೆಂಟಿಮೀಟರ್ ತೆರೆಯುತ್ತೆ. ಬುಕ್ ಮಾಡುವಾಗ ಪ್ರತಿ ರೂಮಿಗೂ ಬೇರೆ ಏಸಿ ಇದೆಯಾ ನೋಡಿ. ಬಾತ್‌ರೂಮ್ ಹೊಸ್ತಿಲು ಒಂದು ಗೇಣಿನಷ್ಟು ಎತ್ತರ, ಎಡವಬೇಡಿ. ಸ್ನಾನ ಟಬ್ಬಿನೊಳಗೆ ನಿಂತು, ಪರದೆಯ ತುದಿ ಟಬ್ಬಿನ ಒಳಗಡೆ. ಹೊರಗೆ ಬಿಟ್ರೆ ಕಮೋಡ್, ಪೇಪರ್ ಎಲ್ಲಾ ತೊಪ್ಪೆ.

ಧಾರವಾಡ್ ಪೇಡೆ: "ಎಡವಬೇಡಿ" ಅನ್ನಾಕ 18,800 ಯಾಕ ಕೊಡಬೇಕು? ಹೊಸ್ತಿಲ ಎರಡೂ ರೂಮ್‌ನ್ಯಾಗ ಅಷ್ಟ ಎತ್ತರ.

ಶರಾವತಿ: ತಿಂಡಿ ಸಸ್ಯಾಹಾರಿಗಳಿಗೆ ಆಗುತ್ತಾ?

ಮೆಂತ್ಯ: ಮಿಸೊ ಸಾರು ಮುಟ್ಟಬೇಡಿ, ಸಾಮಾನ್ಯವಾಗಿ ದಾಶಿ, ಅಂದ್ರೆ ಒಣ ಮೀನಿನ ರಸ ಇರುತ್ತೆ. ಸುರುಳಿ ಆಮ್ಲೆಟ್, ಪಲ್ಯದ ಥರ ಕಾಣೋ ಹಿಜಿಕಿ ಅನ್ನೋ ಕಡಲ ಪಾಚಿ, ಎರಡರಲ್ಲೂ ಅದೇ. ನತ್ತೊ, ಅಂದ್ರೆ ಹುದುಗಿಸಿದ ಸೋಯಾ ಕಾಳು ಸರಿ, ಜೊತೆಗಿರೋ ಪುಟ್ಟ ಸಾಸ್ ಪ್ಯಾಕೆಟ್‌ನಲ್ಲಿ ಮೀನಿನ ಸಾರ ಇರುತ್ತೆ. ಉಳಿಯೋದು ಬಿಳಿ ಅನ್ನ, ಮೊಸರು, ಹಣ್ಣು. ಕೆಟಲ್ ಜಗಳಕ್ಕಿಂತ ಸುಲಭದ ದಾರಿ: ಊರಲ್ಲೇ ಸಣ್ಣ ರವೆ ಘಮ್ ಅನ್ನೋ ತನಕ ಹುರಿದು, ಸಾಸಿವೆ, ಕಡಲೆಬೇಳೆ, ಇಂಗಿನ ಒಗ್ಗರಣೆ ಬೆರೆಸಿ ಒಣಗಿಸಿ ಡಬ್ಬಿಗೆ ಹಾಕಿ. ಹಸಿ ಕರಿಬೇವು ಬೇಡ, ಏರ್‌ಪೋರ್ಟ್ ಸಸ್ಯ ತಪಾಸಣೆಯಲ್ಲಿ ಕಿತ್ಕೊಳ್ತಾರೆ. ಒಂದು ಲೋಟ ರವೆಗೆ ಎರಡು ಲೋಟ ಕುದಿಯೋ ನೀರು, ಗಟ್ಟಿ ಮುಚ್ಚಳ, ಹತ್ತು ನಿಮಿಷ. ಡಬ್ಬಿಗೆ ಟವೆಲ್ ಸುತ್ತಿ.

ವೈರ್‌ಮನ್: ಅದಕ್ಕೆ ಹೋಟೆಲ್ ಕೆಟಲ್ಲೇ ಸಾಕು, 1,200 ವಾಟ್‌ದು 800 ಎಂಎಲ್ ನೀರನ್ನ ನಾಲ್ಕು ನಿಮಿಷದಲ್ಲಿ ಕುದಿಸುತ್ತೆ. ನಾನು ಮೊದಲ್ನೇ ಸಾಲಲ್ಲೇ ಹೇಳಿದ್ದು ಇದನ್ನೇ.

ಓಮ್‌ಶಿಷ್ಯ: ಮೊದಲ್ನೇ ಸಾಲಲ್ಲಿ ಹೇಳಿದ್ದು "ಕುದಿಯಲ್ಲ" ಅಂತ. ಮೇಲೆ ಹೋಗಿ ಓದ್ಕೊಳ್ಳಿ.

ಧಾರವಾಡ್ ಪೇಡೆ: ಒಲಿ ಇಲ್ಲದ ಉಪ್ಪಿಟ್ಟಿಗೆ ಒಂದಕ್ಕ ಎರಡು ನೀರು? ಅದು ಅಂಬಲಿ ಆಗ್ತದ್ರೀ. ಒಂದೂವರಿ ಹಾಕ್ರಿ.

ಮೆಂತ್ಯ: ಒಂದೂವರೆ ಹಾಕಿದ್ರೆ ನಡುವೆ ಹಸಿ ಗಂಟು ಉಳಿಯುತ್ತೆ. ಒಲೆ ಇಲ್ಲ ಅಂತಲೇ ಎರಡು ಅಂದಿದ್ದು. ನಿಮ್ಮ ಕಡೆ ದಪ್ಪ ರವೆ ಇರಬೇಕು.

ಧಾರವಾಡ್ ಪೇಡೆ: ದಪ್ಪ ರವಾಕ್ಕ ನೀರು ಇನ್ನೂ ಜಾಸ್ತಿ ಬೇಕು, ಕಡಿಮಿ ಅಲ್ಲ. ಅಡಗಿ ಮನಿಗೆ ಹೋಗೀರೋ ಇಲ್ಲೋ?