ಪದಚರ್ಚೆ: ‘ಸಿಟಿಂಗ್ ಪ್ರೆಸಿಡೆಂಟ್’ ಕನ್ನಡದಲ್ಲಿ ಏನು? ಬ್ಯಾನರು ಇವತ್ತೇ ಹೋಗಬೇಕು

ದೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಸಂಘದಲ್ಲಿ ಕಾಲೇಜು ಮಕ್ಕಳ ಚರ್ಚಾಸ್ಪರ್ಧೆ ಇದೆ. ವಿಷಯ ಅಮೆರಿಕದ್ದು: ಕುರ್ಚಿಯಲ್ಲಿರುವ ಅಧ್ಯಕ್ಷ ಮತ್ತೊಮ್ಮೆ ಕಣಕ್ಕಿಳಿದರೆ ಗೆಲ್ಲುವುದು ಸುಲಭವೋ ಕಷ್ಟವೋ. ಬ್ಯಾನರಿನ ಮ್ಯಾಟರ್ ಸಂಜೆ ಆರರೊಳಗೆ ಪ್ರೆಸ್ಸಿಗೆ ಕೊಡಬೇಕು. ಇಂಗ್ಲಿಷಿನಲ್ಲಿದ್ದುದನ್ನು ಯಾರೋ ಮೊಬೈಲಿನಲ್ಲೇ ಅನುವಾದ ಮಾಡಿ ಕಳಿಸಿದ್ದಾರೆ: ‘ಕುಳಿತಿರುವ ಅಧ್ಯಕ್ಷರ ಮರುಚುನಾವಣೆಯ ಅವಕಾಶಗಳು’. ಇದನ್ನು ಹಾಗೇ ಹಾಕಲು ಮನಸ್ಸು ಬರುತ್ತಿಲ್ಲ. ನಾನು ‘ವಿದ್ಯಮಾನ ಅಧ್ಯಕ್ಷರು’ ಎಂದು ಬರೆದಿಟ್ಟುಕೊಂಡಿದ್ದೇನೆ, ಇಲ್ಲಿಯ ಮಕ್ಕಳಿಗೆ ಶಾಲೆಯ ಮರಾಠಿಯಿಂದ ಆ ಪದ ಗೊತ್ತು. ನಡೆಯುತ್ತದೆಯೇ? ‘ಮರುಚುನಾವಣೆ’ ಸರಿಯೇ?

ಠಾಣೆಯಿಂದ:

ನಡೆಯುವುದಿಲ್ಲ. ಸಂಸ್ಕೃತದಲ್ಲಿ ವಿದ್ಯಮಾನ ಎಂದರೆ ‘ಇರುವ’. ಮರಾಠಿ ಆ ಅರ್ಥವನ್ನು ಉಳಿಸಿಕೊಂಡಿದೆ. ಕನ್ನಡದಲ್ಲಿ ಅದು ನಾಮಪದವಾಗಿ ‘ನಡೆದ ಸಂಗತಿ’ ಆಗಿಬಿಟ್ಟಿದೆ. ದೇಶದ ವಿದ್ಯಮಾನಗಳು ಅನ್ನುತ್ತೇವೆ, ವಿದ್ಯಮಾನ ಶಾಸಕ ಅನ್ನುವುದಿಲ್ಲ. ಊರಿನಿಂದ ಬಂದ ಹಿರಿಯರು ಬ್ಯಾನರು ಓದಿ ತಬ್ಬಿಬ್ಬಾಗುತ್ತಾರೆ. ‘ಪದಾಸೀನ ಅಧ್ಯಕ್ಷರ ಪುನರ್ನಿರ್ವಾಚನ’ ಎಂದು ಹಾಕಿ. ಶುದ್ಧವಾಗಿದೆ, ಗಂಭೀರವಾಗಿದೆ.

ಮುಲುಂಡಿನಿಂದ:

ಪದಾಸೀನ ಯಾರಿಗೂ ಬೇಡ. ‘ಈಗಿನ’ ಎಂಬ ಚೊಕ್ಕ ಕನ್ನಡ ಪದ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ಬಡಿಯಬೇಕು? ‘ಈಗಿನ ಅಧ್ಯಕ್ಷರು ಮತ್ತೆ ಗೆಲ್ಲುವರೇ?’ ಮುಗಿಯಿತು. ಇನ್ನು ಯಾರಾದರೂ ‘ಹಾಲಿ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಬ್ಬೀ.

ಪುಣೆಯಿಂದ:

ಅರಬ್ಬೀ ಇದ್ರ ಏನಾತ್ರೀ? ಹಾಲಿ ಶಾಸಕರು, ಹಾಲಿ ಚೇರ್ಮನ್ನರು ಅಂತ ನಮ್ಮ ವಿಜಾಪುರ ಕಡೆ ಹುಡುಗರೂ ಅಂತಾರ, ಮುದುಕರೂ ಅಂತಾರ. ಹಾಲಿಗೆ ಜೋಡಿ ಮಾಜಿ, ಅದೂ ಅರಬ್ಬೀನೇ. ಹಾಲಿ ಬ್ಯಾಡ ಅಂದ್ರ ಮಾಜೀನೂ ಬಿಡಬೇಕು. ನಿಮ್ಮ ಸಂಘದ ಮಾಜಿ ಅಧ್ಯಕ್ಷರಿಗೆ ಏನಂತೀರಿ ಹಂಗಾದ್ರ?

ಮುಲುಂಡಿನಿಂದ:

‘ಹಿಂದಿನ ಅಧ್ಯಕ್ಷರು’ ಅನ್ನುತ್ತೇವೆ. ಮುಂದೆ?

ಮಾಟುಂಗಾದಿಂದ:

ಮೇಡಂ, ‘ಹಾಲಿ ಅಧ್ಯಕ್ಷರು’ ಎಂದೇ ಹಾಕಿ. ಇಲ್ಲಿ ಎಲ್ಲರೂ ಪದದ ಕುಲಗೋತ್ರ ಕೇಳುತ್ತಿದ್ದಾರೆ, ಭಾನುವಾರ ಮಕ್ಕಳು ಏನು ಮಾತಾಡಬೇಕು ಎಂಬುದನ್ನು ಯಾರೂ ನೋಡುತ್ತಿಲ್ಲ. ಅದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

‘ಈಗಿನ’ ಎಂಬುದು ಮಾತಾಡುವವನ ಕಾಲಕ್ಕೆ ಅಂಟಿಕೊಂಡ ಪದ. ಈ ಚರ್ಚೆಯ ತುಂಬ ಬರುವುದು ಹಳೆಯ ಚುನಾವಣೆಗಳು. 1980ರಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದುಕೊಂಡೇ ನಿಂತು ರೇಗನ್ ಎದುರು ಸೋತರು. ಎಲೆಕ್ಟೋರಲ್ ಮತಗಳಲ್ಲಿ, ಅಂದರೆ ಜನ ಆರಿಸಿದ ಪ್ರತಿನಿಧಿಗಳು ಅಧ್ಯಕ್ಷರ ಆಯ್ಕೆಗೆ ಹಾಕುವ ಮತಗಳಲ್ಲಿ, ರೇಗನ್‌ಗೆ 489, ಕಾರ್ಟರ್‌ಗೆ 49. ಇದನ್ನು ಹೇಳುವ ಹುಡುಗಿ ‘ಈಗಿನ ಅಧ್ಯಕ್ಷ ಕಾರ್ಟರ್’ ಎನ್ನಲಾರಳು. ‘ಅಂದಿನ ಅಧ್ಯಕ್ಷ’ ಎಂದರೆ ಕಾಲ ತಿಳಿಯಿತು, ಅಧಿಕಾರ ಕೈಯಲ್ಲಿಟ್ಟುಕೊಂಡು ಸ್ಪರ್ಧಿಸಿದರು ಎಂಬ ಮುಖ್ಯ ಮಾತು ತಪ್ಪಿತು. ‘ಹಾಲಿ ಅಧ್ಯಕ್ಷರಾಗಿದ್ದ ಕಾರ್ಟರ್ ಸೋತರು’ ಎಂದರೆ ಎರಡೂ ಬಂತು. ಚುನಾವಣೆಯ ಸುದ್ದಿ ಬರೆದು ಬರೆದು ನಮ್ಮ ಪತ್ರಿಕೆಗಳು ಈ ಪದವನ್ನು ಈ ಕೆಲಸಕ್ಕೇ ಪಳಗಿಸಿವೆ.

‘ಮರುಚುನಾವಣೆ’ ಖಂಡಿತ ಬೇಡ. ಅದನ್ನು ಓದಿದವರು ಮೊದಲ ಚುನಾವಣೆ ರದ್ದಾಗಿ ಇನ್ನೊಮ್ಮೆ ನಡೆಯುತ್ತಿದೆ ಎಂದುಕೊಳ್ಳುತ್ತಾರೆ, ಮರುಮತದಾನ, ಮರುಎಣಿಕೆಯ ಹಾಗೆ. ನಿಮಗೆ ಬೇಕಾದುದು ‘ಮರುಆಯ್ಕೆ’. ‘ಅವಕಾಶಗಳು’ ಎಂಬುದನ್ನೂ ತೆಗೆಯಿರಿ. ಸ್ಪರ್ಧಿಸುವ ಅವಕಾಶ ಬೇರೆ, ಗೆಲ್ಲುವ ಸಾಧ್ಯತೆ ಬೇರೆ. ಎರಡು ಸಲ ಆಯ್ಕೆಯಾದವರಿಗೆ ಅಮೆರಿಕ ಸಂವಿಧಾನದ 1951ರ 22ನೇ ತಿದ್ದುಪಡಿಯ ಪ್ರಕಾರ ಅವಕಾಶವೇ ಇಲ್ಲ; ಸಾಧ್ಯತೆಯ ಮಾತು ಆಮೇಲಿನದು.

ಹಾಲಿ ಮತ್ತು ಮರುಆಯ್ಕೆ ಯಾವಾಗಲೂ ಜೊತೆಯಾಗಿ ಬರುವುದಿಲ್ಲ, ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. 1976ರಲ್ಲಿ ಜೆರಾಲ್ಡ್ ಫೋರ್ಡ್ ಹಾಲಿ ಅಧ್ಯಕ್ಷರು. ಆದರೆ ಉಪಾಧ್ಯಕ್ಷ ಸ್ಥಾನಕ್ಕಾಗಲಿ ಅಧ್ಯಕ್ಷ ಸ್ಥಾನಕ್ಕಾಗಲಿ ಅವರು ಚುನಾವಣೆಯಲ್ಲಿ ಗೆದ್ದು ಬಂದವರಲ್ಲ. ಆಗ್ನ್ಯೂ ರಾಜೀನಾಮೆ ಕೊಟ್ಟಾಗ ಉಪಾಧ್ಯಕ್ಷರಾದರು, ನಿಕ್ಸನ್ ರಾಜೀನಾಮೆ ಕೊಟ್ಟಾಗ ಅಧ್ಯಕ್ಷರಾದರು. ಹಾಗಾಗಿ ಫೋರ್ಡ್ ಮರುಆಯ್ಕೆಯಲ್ಲಿ ಸೋತರು ಎಂದರೆ ತಪ್ಪು. ತದ್ವಿರುದ್ಧ ಉದಾಹರಣೆಯೂ ಇದೆ. ಗ್ರೋವರ್ ಕ್ಲೀವ್‌ಲೆಂಡ್ 1888ರಲ್ಲಿ ಹಾಲಿ ಅಧ್ಯಕ್ಷರಾಗಿ ಸೋತು, 1892ರಲ್ಲಿ ಮಾಜಿಯಾಗಿ ಗೆದ್ದರು. ಟ್ರಂಪ್ 2020ರಲ್ಲಿ ಸೋತು 2024ರಲ್ಲಿ ಗೆದ್ದದ್ದೂ ಹಾಗೆಯೇ. ಅವರು ಎರಡನೇ ಸಲ ಆಯ್ಕೆಯಾದದ್ದು ನಿಜ, ಗೆದ್ದ ದಿನ ಹಾಲಿ ಆಗಿರಲಿಲ್ಲ. ಹಾಲಿ–ಮಾಜಿ ಜೋಡಿ ಇಲ್ಲದಿದ್ದರೆ ಇಷ್ಟನ್ನು ಹೇಳಲು ಅರ್ಧ ಪುಟ ಬೇಕು.

‘ಆಡಳಿತ ವಿರೋಧಿ ಅಲೆ’ ಎಂಬ ಮಾತನ್ನು ಎಲ್ಲ ಸೋಲಿಗೂ ಅಂಟಿಸದಿರಲು ಹೇಳಿ. 1932ರಲ್ಲಿ ಹೂವರ್ ಸೋತದ್ದಕ್ಕೆ ಅದು ಒಪ್ಪುತ್ತದೆ, ಜನ ಕೆಲಸ ಕಳೆದುಕೊಂಡು ಬೀದಿಗೆ ಬಂದಿದ್ದರು. 1912ರಲ್ಲಿ ಟ್ಯಾಫ್ಟ್ ಅವರದ್ದು ಬೇರೆ ಕಥೆ: ಅವರದೇ ಪಕ್ಷದ ಥಿಯೊಡೋರ್ ರೂಸ್‌ವೆಲ್ಟ್ ಹೊರಗೆ ಹೋಗಿ ಬೇರೆ ಪಕ್ಷ ಕಟ್ಟಿ ನಿಂತರು, ಮತ ಒಡೆಯಿತು, ಹಾಲಿ ಅಧ್ಯಕ್ಷರಿಗೆ ಸಿಕ್ಕಿದ್ದು 8 ಎಲೆಕ್ಟೋರಲ್ ಮತ. ನಮ್ಮ ಕಡೆ ಇದಕ್ಕೆ ಬಂಡಾಯ ಎನ್ನುತ್ತೇವೆ. ಆ ಪದ ಇಲ್ಲಿ ಸರಿಯಾಗಿ ಕೂರುತ್ತದೆ.

ಠಾಣೆಯಿಂದ:

ವಾದ ಒಪ್ಪಿದೆ, ಪದ ಒಪ್ಪಿಲ್ಲ. ಪರೀಕ್ಷೆಗೆ ಓದುವ ಮಕ್ಕಳ ಮುಂದೆ ಕಚೇರಿಯ ಅರಬ್ಬೀ ಮಾತು ಯಾಕೆ? ‘ಪುನರಾಯ್ಕೆ’ ಬೇಡ ಎಂದು ನಾನೂ ಹೇಳುತ್ತೇನೆ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಸಮಾಸ. ಪುನರ್ನಿರ್ವಾಚನಕ್ಕೆ ಆ ದೋಷವಿಲ್ಲ.

ಪುಣೆಯಿಂದ:

ದೋಷ ಇಲ್ಲ, ಖರೆ. ಓದಾಕ ಮಂದೀನೂ ಇಲ್ಲ.

ಮುಲುಂಡಿನಿಂದ:

ಮಾಟುಂಗಾದವರೇ, ನೀವು ಪತ್ರಿಕೆಯ ರೂಢಿಯನ್ನೇ ಶಾಸ್ತ್ರ ಮಾಡಿದಿರಿ. ಇಂದು ಹಾಲಿ, ನಾಳೆ ವಿದ್ಯಮಾನ, ನಾಡಿದ್ದು ಸಂಘದ ವರದಿಗೆ ‘ವಾರ್ಷಿಕ ಅಹವಾಲು’. ಆಗಲೇ ಒಂದೆರಡು ಆಮಂತ್ರಣ ಪತ್ರಿಕೆಗಳಲ್ಲಿ ನೋಡಿದ್ದೇನೆ. ಮುಂಬಯಿಯಲ್ಲಿ ಕನ್ನಡ ಸವೆಯುವುದೇ ಹೀಗೆ.

ಮಾಟುಂಗಾದಿಂದ:

ಅಹವಾಲಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದರ ಕಾರಣ ಬೇರೆ. ಹಾಲಿ, ಅಹವಾಲು ಎರಡೂ ‘ಹಾಲ್’ ಎಂಬ ಒಂದೇ ಬೇರಿನವು. ಅಹವಾಲ್ ಅದರ ಬಹುವಚನ. ಮರಾಠಿಯಲ್ಲಿ ಅಹವಾಲ್ ಎಂದರೆ ವರದಿ, ಕನ್ನಡದಲ್ಲಿ ಅಹವಾಲು ಎಂದರೆ ಅಧಿಕಾರಿಯ ಮುಂದೆ ತೋಡಿಕೊಳ್ಳುವ ಕಷ್ಟ. ಸಂಘದ ವರದಿಯನ್ನು ಅಹವಾಲು ಎಂದರೆ ಕನ್ನಡದ ಅರ್ಥವೇ ಕೆಡುತ್ತದೆ, ಅದಕ್ಕೇ ಅದು ತಪ್ಪು. ಅರಬ್ಬೀ ಎಂಬ ಕಾರಣಕ್ಕಲ್ಲ. ಹಾಲಿ ಕನ್ನಡದಲ್ಲಿ ಯಾವ ಅರ್ಥವನ್ನೂ ಕೆಡಿಸಿಲ್ಲ. ಹೊರಗಿನದೆಲ್ಲ ಬೇಡವಾದರೆ ನಿಮ್ಮ ವಾಕ್ಯದ ‘ಅಧ್ಯಕ್ಷ’ರನ್ನೂ ಸಂಸ್ಕೃತಕ್ಕೆ ವಾಪಸು ಕಳಿಸಬೇಕಾದೀತು.

ಮುಲುಂಡಿನಿಂದ:

ಅಧ್ಯಕ್ಷ ಸಾವಿರ ವರ್ಷದ ನಂಟು. ಹಾಲಿ ನವಾಬರ ಕಚೇರಿಯದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ದೊಂಬಿವಲಿಯಿಂದ:

ಐದೂಮುಕ್ಕಾಲಾಯಿತು, ಕಳಿಸಿಬಿಟ್ಟೆ: ‘ಅಮೆರಿಕದ ಹಾಲಿ ಅಧ್ಯಕ್ಷರು ಮತ್ತೆ ಗೆಲ್ಲುವುದು ಸುಲಭವೇ?’ ಮರುಆಯ್ಕೆ ಎಂಬುದನ್ನು ಒಳಗಿನ ಪತ್ರಕದಲ್ಲಿ ಮಾತ್ರ ಬಳಸುತ್ತೇನೆ, ಫೋರ್ಡ್ ಅವರ ಸಾಲು ಬಿಟ್ಟು. ಅಲ್ಲಿಗೆ ಇನ್ನೊಂದು ಬೇಕು: ಎಲೆಕ್ಟೋರಲ್ ಕಾಲೇಜ್. ಒಟ್ಟು 538 ಮತ, 270 ಬಂದರೆ ಗೆಲುವು ಎಂದು ವಿವರಿಸಿದ್ದೇನೆ. ‘ಕಾಲೇಜು’ ಎಂದು ಬಿಟ್ಟರೆ ಮಕ್ಕಳು ಯಾವ ಕಾಲೇಜು ಎಂದು ಕೇಳುತ್ತಾರೆ.

ಠಾಣೆಯಿಂದ:

ನಿರ್ವಾಚಕ ಮಂಡಳಿ.

ಮುಲುಂಡಿನಿಂದ:

ನಿರ್ವಾಚಕ ಯಾಕೆ? ‘ಆಯ್ಕೆಗಾರರ ಕೂಟ’ ಎನ್ನಿ.

ಪುಣೆಯಿಂದ:

ಮೇಡಂ, ‘ಮತದಾರರ ಕೂಟ’ ಮಾತ್ರ ಅನ್ನಬ್ಯಾಡ್ರಿ. ಮತದಾರರು ಅಂದ್ರ ಊರ ಮಂದಿ, ಇವರು ಆ ಮಂದಿ ಆರಿಸಿ ಕಳಿಸಿದ ಪ್ರತಿನಿಧಿಗಳು. ಆ ಫರಕು ತಪ್ಪಿದ್ರ 1888ರಾಗ ಜನರ ಮತ ಹೆಚ್ಚು ಬಿದ್ದರೂ ಕ್ಲೀವ್‌ಲೆಂಡ್ ಹೆಂಗ ಸೋತರು ಅಂತ ಹುಡುಗರಿಗೆ ತಿಳಿಯಂಗಿಲ್ಲ. ಆಯ್ಕೆಗಾರರ ಕೂಟ ನಡೀತದ.